ಏಳನೇ ಪಿನ್

ನಮ್ಮ ಟೂಲ್ ರೂಮಿನಲ್ಲಿ ಅತಿ ಸಣ್ಣ ಅಳತೆಗೆ ಕೂದಲು ಎನ್ನುತ್ತಾರೆ. ಒಂದು ಕೂದಲು ಜಾಸ್ತಿಯಿದೆ, ಇನ್ನರ್ಧ ಕೂದಲು ಉಜ್ಜು, ಹೀಗೆ. ಇಂಜಿನಿಯರ್ ಆಗಿ ಸೇರಿದ ಮೊದಲ ದಿನ ನಾನು, ಒಂದು ಕೂದಲು ಅಂದರೆ ಎಷ್ಟು ಮಿಲಿಮೀಟರ್ ಎಂದು ಕೇಳಿಬಿಟ್ಟೆ. ತಲೆ ಪೂರ್ತಿ ಬೋಳಾಗಿದ್ದ ಟೆಕ್ನಿಷಿಯನ್ ಒಬ್ಬ ನಗದೆ ಹೇಳಿದ: "ಅದು ಯಾರ ಕೂದಲು ಅನ್ನೋದರ ಮೇಲೆ ಹೋಗುತ್ತೆ ಮೇಡಂ. ನನ್ನ ಹತ್ರ ಅಂತೂ ಸ್ಟಾಕ್ ಇಲ್ಲ."

ಅವನ ಬಾಯಿ ಬೆಳಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಐದಕ್ಕೇ ನಿಲ್ಲುವುದು. ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು.

ಆ ರೂಮಿನಲ್ಲಿ ಐದು ಜನ ಟೆಕ್ನಿಷಿಯನ್‌ಗಳಿದ್ದರು. ಕಾಗದದ ಪ್ರಕಾರ ಐವರೂ ನನ್ನ ಕೈಕೆಳಗಿನವರು. ಕಾಗದ ಬಿಟ್ಟರೆ ನಾವೆಲ್ಲ ಆ ಐವರಲ್ಲೊಬ್ಬರಾದ ಮೇಸ್ತ್ರಿಯ ಕೈಕೆಳಗಿದ್ದೆವು. ಮೂವತ್ತೊಂದು ವರ್ಷದಿಂದ ಅದೇ ಕಿಟಕಿಯ ಪಕ್ಕ, ಅದೇ ಬೆಂಚಿನ ಮುಂದೆ ನಿಂತು ಡೈ ಮಾಡುತ್ತಿದ್ದ ಮನುಷ್ಯ. ಡೈ ಅಂದರೆ ಉಕ್ಕಿನ ಅಚ್ಚು. ಕೆಳಗೊಂದು ಭಾಗ, ಮೇಲೊಂದು ಭಾಗ, ನಡುವೆ ತಗಡು. ಪ್ರೆಸ್ ಮೇಲಿಂದ ಗುದ್ದಿದರೆ ತಗಡು ನಮಗೆ ಬೇಕಾದ ಆಕಾರಕ್ಕೆ ಬಾಗುತ್ತದೆ. ಗುದ್ದುವ ಭಾಗದ ಹೆಸರು ಪಂಚ್. ಮೇಸ್ತ್ರಿ ಎರಡು ಉಕ್ಕಿನ ತುಂಡುಗಳನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು, ನಡುವೆ ತೂರಿಬರುವ ಬೆಳಕಿನ ಬಣ್ಣ ನೋಡಿಯೇ ಸಂದಿ ಎಷ್ಟೆಂದು ಹೇಳುತ್ತಿದ್ದರು. ಆಮೇಲೆ ನಾವು ಅಳೆದು ನೋಡಿದರೆ ಅಷ್ಟೇ ಇರುತ್ತಿತ್ತು. ಅವರಿಗೆ ಸೂಜಿಕಣ್ಣು ಎಂದು ಹೆಸರು ಬಿದ್ದದ್ದು ನಾನು ಶಾಲೆಗೆ ಸೇರುವ ಮೊದಲೇ.

ನನ್ನನ್ನು ಅವರು 'ಮರಿ' ಎನ್ನುತ್ತಿದ್ದರು. ಸಿಟ್ಟು ಬಂದರೆ ಮಾತ್ರ 'ಮೇಡಂ'. ನಾಲ್ಕು ವರ್ಷದಲ್ಲಿ ನಾನು ಮೇಡಂ ಆದದ್ದು ಎರಡೇ ಸಲ.

ಫ್ಯಾಕ್ಟರಿಯಲ್ಲಿ ಒಂದು ರೂಢಿಯಿತ್ತು. ರಿಪೇರಿಯಾದ ಡೈಯನ್ನು ಪ್ರೆಸ್ಸಿಗೆ ಹಾಕಿದಾಗ ಮೊದಲು ಇಂಚಿಂಗ್ ಮಾಡಬೇಕು ಎಂದು ನಿಯಮದ ಪುಸ್ತಕ ಹೇಳುತ್ತದೆ. ಅಂದರೆ ಒಂದೇ ಸಲ ಗುದ್ದಿಸದೆ, ಗುಂಡಿ ಒತ್ತಿ ಒತ್ತಿ ಬಿಟ್ಟು, ಪ್ರೆಸ್ಸನ್ನು ಕೂದಲು ಕೂದಲಾಗಿ ಕೆಳಗಿಳಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಇಪ್ಪತ್ತು ನಿಮಿಷದ ಕೆಲಸ. ಆದರೆ ಡೈಗೆ ಕಟ್ಟಿದ ಹಳದಿ ಚೀಟಿಯಲ್ಲಿ ಮೇಸ್ತ್ರಿಯ ಸಹಿ ಇದ್ದರೆ ಯಾರೂ ಇಂಚಿಂಗ್ ಮಾಡುತ್ತಿರಲಿಲ್ಲ. ಚೀಟಿಯಲ್ಲಿ ಬರೆದ ಎತ್ತರಕ್ಕೆ ಪ್ರೆಸ್ಸನ್ನು ತಿರುಗಿಸಿ ಸೀದಾ ಹೊಡೆಯುವುದೇ. ಹಾಗೆ ಮಾಡದಿದ್ದರೆ ಅದು ಮೇಸ್ತ್ರಿಯ ಮುಖಕ್ಕೆ ಹೊಡೆದ ಹಾಗೆ. ಒಮ್ಮೆ ಹೊಸಬನೊಬ್ಬ ಪುಸ್ತಕ ಓದಿಕೊಂಡು ಬಂದು ಇಂಚಿಂಗ್ ಮಾಡಿದ್ದಕ್ಕೆ ಪ್ರೆಸ್ಸಿನ ಹುಡುಗರು ವಾರವಿಡೀ ಅವನ ಟೀ ಕಪ್ಪನ್ನು, ಕೂದಲಿನ ಲೆಕ್ಕದಲ್ಲಿ ಅಳೆಯುವ ಮೈಕ್ರೋಮೀಟರಿನಿಂದ ಅಳೆದು ಕೊಡುತ್ತಿದ್ದರು.

ಆ ಚೀಟಿಯಲ್ಲಿ ಮೇಸ್ತ್ರಿಯ ಸಹಿಯ ಕೆಳಗೆ ನನ್ನದೂ ಒಂದು ಸಹಿ ಇರುತ್ತಿತ್ತು. ನಾನು ಅಳೆದು ನೋಡಿ ಹಾಕಬೇಕಾದ ಸಹಿ. ಅಳೆಯುತ್ತಿರಲಿಲ್ಲ.

ವರ್ಷಕ್ಕೊಮ್ಮೆ ನಾನು ಐವರಿಗೂ ಪಿನ್ ಪರೀಕ್ಷೆ ಮಾಡಬೇಕಿತ್ತು. ಒಂದು ಮರದ ಪೆಟ್ಟಿಗೆಯಲ್ಲಿ ಹತ್ತು ಉಕ್ಕಿನ ಪಿನ್‌ಗಳು. ಹತ್ತನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಹೇಳಬೇಕು, ನಾನು ಬರೆದುಕೊಳ್ಳಬೇಕು. ಒಂದು ತಪ್ಪಿದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಡಾಕ್ಟರು ಆಗದು ಎಂದರೆ ಪ್ಯಾಕಿಂಗ್ ವಿಭಾಗ.

ಈ ಸಲ ಮೇಸ್ತ್ರಿ ಪಿನ್ನನ್ನು ಮೈಕ್ರೋಮೀಟರಿಗೆ ಸಿಕ್ಕಿಸಿ ಕಿಟಕಿಯ ಕಡೆ ತಿರುಗಿ ನಿಂತರು. ಹೆಬ್ಬೆರಳು ಮಾತ್ರ ಪಿನ್ನಿನ ತುದಿಯನ್ನು ಸವರುತ್ತಿತ್ತು. ಟಕ ಟಕ ಅಂತ ಹೇಳುತ್ತಾ ಹೋದರು. ಬೇರೆಯವರಿಗೆ ಅರ್ಧ ಗಂಟೆ ಹಿಡಿಯುವುದು ಅವರಿಗೆ ಆರು ನಿಮಿಷ. ಆ ಪಿನ್‌ಗಳನ್ನು ಇಪ್ಪತ್ತು ವರ್ಷದ ಹಿಂದೆ ಉಜ್ಜಿ ಮಾಡಿದವರೇ ಅವರು. ಯಾವುದರ ಚೂಪು ಅಂಚನ್ನು ಹೇಗೆ ಉಜ್ಜಿ ಮುರಿದಿದೆ ಎಂದು ಅವರ ಉಗುರಿಗೆ ಗೊತ್ತು.

"ಏಳನೇದು, ಒಂಬತ್ತು ಪಾಯಿಂಟ್ ನಾಲ್ಕು ಎರಡು," ಅಂದರು.

ನನ್ನ ಪೆನ್ನು ನಿಂತಿತು. ಏಳನೇ ಪಿನ್ ತುಕ್ಕು ಹಿಡಿದಿತ್ತೆಂದು ಹಿಂದಿನ ತಿಂಗಳು ನಾನೇ ಹೊಸದನ್ನು ತರಿಸಿ ಇಟ್ಟಿದ್ದೆ. ಗುರುತಿಗೆಂದು ಅದರ ಅಂಚನ್ನು ಹಳೆಯದರ ಹಾಗೇ ಉಜ್ಜಿಸಿದ್ದೆ. ಅಳತೆ ಮಾತ್ರ ಒಂಬತ್ತು ಪಾಯಿಂಟ್ ಒಂಬತ್ತು ಎರಡು. ಅವರು ಹೇಳಿದ್ದು ಹಳೆಯ ಪಿನ್ನಿನ ಅಳತೆ. ನೆನಪಿನಿಂದ ಹೇಳಿದ್ದು.

"ಏನ್ ಮರಿ, ಪೆನ್ನಲ್ಲಿ ಇಂಕು ಮುಗೀತಾ?"

"ಇಲ್ಲ ಮೇಸ್ತ್ರಿ. ಮುಂದಿನದು ಹೇಳಿ."

ನಾನು ಏಳರ ಎದುರು 9.92 ಎಂದು ಬರೆದೆ. ಸರಿಯಾದ ಉತ್ತರ. ಅವರು ಹೇಳದ ಉತ್ತರ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಸೂಜಿಕಣ್ಣನ್ನು ಪ್ಯಾಕಿಂಗಿಗೆ ಕಳಿಸಿ ರಟ್ಟಿನ ಡಬ್ಬಕ್ಕೆ ಟೇಪು ಹಚ್ಚಿಸುವುದೇ? ನನಗೆ ಕೈ ಬರಲಿಲ್ಲ. ಒಂದು ಅಂಕಿ ತಾನೆ ಅಂದುಕೊಂಡೆ.

ಇದಾದ ಮೂರು ತಿಂಗಳಿಗೆ, ಒಂದು ಗುರುವಾರ ಊಟಕ್ಕೆ ಹತ್ತು ನಿಮಿಷ ಮುಂಚೆ, ಮೂರನೇ ಪ್ರೆಸ್ಸಿನಿಂದ ಸದ್ದು ಬಂತು. ಪ್ರೆಸ್ ಗುದ್ದುವ ಸದ್ದು ನಮಗೆ ಎದೆಬಡಿತದ ಹಾಗೆ. ಇದು ಹಾಗಿರಲಿಲ್ಲ. ಬಂಡೆ ಸೀಳಿದ ಹಾಗೆ ಒಂದೇ ಸದ್ದು. ಆಮೇಲೆ ಎಲ್ಲ ಪ್ರೆಸ್ಸುಗಳೂ ಒಂದೊಂದಾಗಿ ನಿಂತವು.

ಮೂರನೇ ಪ್ರೆಸ್ಸಿನ ಸೆಟ್ಟರ್ ಮೇಸ್ತ್ರಿಯ ಅಳಿಯ. ಡೈ ಹಾಕಿ, ಎತ್ತರ ಹೊಂದಿಸಿ, ಮೊದಲ ಏಟು ಹೊಡೆಸುವುದು ಅವನ ಕೆಲಸ. ಆ ಡೈಯಲ್ಲಿ ಎರಡು ಪಂಚ್‌ಗಳು, ಅವಳಿಗಳ ಹಾಗೆ ಒಂದೇ ಅಳತೆಯವು. ಹಿಂದಿನ ದಿನವಷ್ಟೇ ಮೇಸ್ತ್ರಿ ಎರಡನ್ನೂ ಹೊಸದಾಗಿ ಉಜ್ಜಿ ಹಾಕಿ ಚೀಟಿ ಕಟ್ಟಿದ್ದರು. ಮೊದಲ ಏಟಿಗೇ ಎಡಗಡೆಯ ಪಂಚ್ ಸಿಡಿದಿತ್ತು. ಬೆರಳುದ್ದದ ಚೂರು ಪ್ರೆಸ್ಸಿನ ಜಾಲರಿಯ ಪಕ್ಕದ ಸಂದಿಯಿಂದ ಹಾರಿ, ತಗಡಿನ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ನೋಡಲು ಬಾಗಿದ್ದ ಅಳಿಯನ ಬಲ ಮುಂಗೈಯನ್ನು ಹೊಕ್ಕಿತ್ತು.

ನಾನು ಓಡಿಹೋದಾಗ ಅವನು ನೆಲದ ಮೇಲೆ ಕೂತು, ಎಡಗೈಯಿಂದ ಬಲಗೈ ಹಿಡಿದುಕೊಂಡು, ಯಾರನ್ನೋ ಸಮಾಧಾನ ಮಾಡುವವನ ಹಾಗೆ "ಏನಿಲ್ಲ, ಏನಿಲ್ಲ" ಎನ್ನುತ್ತಿದ್ದ. ಬೆರಳುಗಳನ್ನು ಮಡಚು ಅಂದೆ. ಎರಡು ಮಡಚಿದವು. ಮೂರು ಹಾಗೇ ನಿಂತಿದ್ದವು.

ಮೇಸ್ತ್ರಿ ಜನರನ್ನು ಸರಿಸಿಕೊಂಡು ಬಂದರು. ಅಳಿಯನ ಕೈಗೆ ತಮ್ಮ ಕೈವಸ್ತ್ರ ಬಿಗಿದು ಕಟ್ಟಿದರು. ಕಟ್ಟುತ್ತಲೇ ಕೇಳಿದರು: "ಎಷ್ಟಕ್ಕೆ ಇಟ್ಟಿದ್ದೆ ಎತ್ತರಾನ?"

"ಚೀಟೀಲಿ ಇದ್ದಷ್ಟಕ್ಕೇ ಮಾವ."

"ಸುಳ್ಳು ಹೇಳಬೇಡ."

ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಮೂರು ಬೆರಳಿನ ನರಗಳು ತುಂಡಾಗಿವೆ, ಹೊಲಿದಿದ್ದೇವೆ, ಮೊದಲಿನ ಹಾಗಂತೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಂಚದ ಒಂದು ಬದಿಗೆ ಮೇಸ್ತ್ರಿಯ ಮಗಳು ಗಂಡನ ತಲೆದಿಂಬು ಸರಿಮಾಡುತ್ತಿದ್ದಳು. ಇನ್ನೊಂದು ಬದಿಗೆ ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ಬಾಗಿಲಲ್ಲಿ ನಾನಿರುವುದನ್ನೂ ಕಾಣದೆ, ಹೇಳುತ್ತಿದ್ದರು:

"ಮೂವತ್ತೊಂದು ವರ್ಷದಲ್ಲಿ ನನ್ನ ಪಂಚ್ ಒಂದೂ ಸಿಡಿದಿಲ್ಲಮ್ಮ. ನಿನ್ನ ಗಂಡ ಎತ್ತರ ತಪ್ಪಾಗಿ ಇಟ್ಟಿದಾನೆ. ಒಪ್ಕೊಳೋಕೆ ಏನು ರೋಗ?"

"ಅಪ್ಪ, ಈಗ ಬೇಡ."

"ಈಗಲ್ಲದೆ ಇನ್ಯಾವಾಗ? ನಾಳೆ ಫ್ಯಾಕ್ಟರೀಲಿ ಸೂಜಿಕಣ್ಣಿನ ಡೈ ಸಿಡೀತಂತೆ ಅಂತಾರೆ. ನನ್ನ ಹೆಸರು ತಾನೆ ಹೋಗೋದು."

"ಇವರ ಕೈ ಹೋಗಿದೆ ಅಪ್ಪ. ನಿಮಗೆ ಹೆಸರಿನ ಚಿಂತೆ."

ಅಳಿಯ ಚಾವಣಿ ನೋಡುತ್ತಾ ಮಲಗಿದ್ದ. ಮಾವ ಟೀ ತರುತ್ತೇನೆಂದು ಎದ್ದುಹೋದ ಮೇಲೆ ನನಗೆ ಮೆಲ್ಲಗೆ ಹೇಳಿದ: "ಬೆಳಗ್ಗೆ ಮ್ಯಾನೇಜರ್ ಬಂದಿದ್ರು ಮೇಡಂ. ಹೇಳಿಕೆ ಕೊಟ್ಟಾಯ್ತು. ಇಂಚಿಂಗ್ ಮಾಡಲಿಲ್ಲ, ನಂದೇ ತಪ್ಪು ಅಂತ. ಎಡಗೈಯಲ್ಲಿ ಸಹಿ ಹಾಕಿದೀನಿ. ಕಾಗೆ ಕಾಲಿನ ಹಾಗಿದೆ."

"ಯಾಕೆ ಕೊಟ್ಟೆ? ಮೇಸ್ತ್ರಿ ಚೀಟಿಗೆ ಯಾರೂ ಇಂಚಿಂಗ್ ಮಾಡಲ್ಲ."

"ಯಾರಾದ್ರೂ ಮಾಡಬಹುದು ಮೇಡಂ. ಅಳಿಯ ಮಾಡೋಕಾಗುತ್ತಾ? ಮಾವನ ಚೀಟಿನ ನಾನು ಅನುಮಾನಿಸಿದೆ ಅಂದ್ರೆ ಆಮೇಲೆ ಅವರ ಮನೇಲಿ ನಾನು ಊಟಕ್ಕೆ ಕೂತ್ಕೊಳೋದು ಹೇಗೆ?"

ಅವನ ಹೆಂಡತಿ ದಿಂಬು ಬಿಟ್ಟು ನನ್ನನ್ನೇ ನೋಡಿದಳು. "ಇವರು ಎತ್ತರ ತಪ್ಪಾಗಿ ಇಟ್ಟಿರಲ್ಲ ಮೇಡಂ. ಮನೇಲಿ ಗೋಡೆಗೆ ಮೊಳೆ ಹೊಡೀಬೇಕಾದ್ರೂ ಮೂರು ಸಲ ಅಳೀತಾರೆ. ನೀವು ಒಂದ್ಸಲ ನೋಡಿ."

ನೋಡಿದೆ. ಶನಿವಾರ ಟೂಲ್ ರೂಮಿಗೆ ರಜೆ. ರೇಡಿಯೋ ಒಬ್ಬನನ್ನೇ ಕರೆಸಿಕೊಂಡು ಡೈ ಬಿಚ್ಚಿದೆವು. ಪ್ರೆಸ್ಸಿನ ಎತ್ತರ ಚೀಟಿಯಲ್ಲಿದ್ದಷ್ಟೇ ಇತ್ತು, ಕೂದಲೂ ಹೆಚ್ಚುಕಮ್ಮಿಯಿಲ್ಲ. ಎಡಗಡೆಯ ಪಂಚ್ ಪುಡಿಪುಡಿ. ಬಲಗಡೆಯ ಅವಳಿ ಮಾತ್ರ ಬಿರುಕೂ ಇಲ್ಲದೆ ಗಟ್ಟಿಯಾಗಿ ಕೂತಿತ್ತು. ಬಿಚ್ಚಿ, ಒರೆಸಿ, ಅಳೆದೆ. ಡ್ರಾಯಿಂಗಿನಲ್ಲಿ ಉದ್ದ 62.18. ನನ್ನ ಕೈಯಲ್ಲಿದ್ದದ್ದು 62.68.

ಮತ್ತೆ ಅಳೆದೆ. 62.68.

ಸರಿಯಾಗಿ ಅರ್ಧ ಮಿಲಿಮೀಟರ್ ಹೆಚ್ಚು. ಅಷ್ಟು ಉದ್ದವಾದರೆ ಪಂಚ್ ತಗಡನ್ನು ದಾಟಿ ಕೆಳಗಿನ ಉಕ್ಕಿಗೇ ಗುದ್ದುತ್ತದೆ. ಇದು ಮೈಕ್ರೋಮೀಟರ್ ಓದುವವರಿಗೆ ಮಾತ್ರ ಆಗುವ ತಪ್ಪು. ಮೈಕ್ರೋಮೀಟರಿನ ಕೊಳವೆಯ ಮೇಲೆ ಒಂದು ಸಾಲು ಪೂರ್ತಿ ಮಿಲಿಮೀಟರಿನ ಗೆರೆಗಳು, ಅದರ ಕೆಳಗೆ ಇನ್ನೊಂದು ಸಾಲು ಅರ್ಧದ ಸಣ್ಣ ಗೆರೆಗಳು. ತಿರುಗುವ ಭಾಗದ ಅಂಚಿನಿಂದ ಅರ್ಧದ ಗೆರೆ ಹೊರಗೆ ಇಣುಕುತ್ತಿದ್ದರೆ ಅರ್ಧ ಕೂಡಿಸಿ ಹೇಳಬೇಕು. ಆ ಕೂದಲಿನಂಥ ಗೆರೆ ಕಾಣದಿದ್ದರೆ ಮಿಕ್ಕ ಅಂಕಿಯೆಲ್ಲ ಸರಿಯಾಗಿಯೇ ಇರುತ್ತದೆ, ಅರ್ಧ ಮಿಲಿಮೀಟರ್ ಮಾತ್ರ ಮಾಯ. ಕಲಿಯುವ ಮೊದಲ ವಾರ ಎಲ್ಲರೂ ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ. ಏಳನೇ ಪಿನ್ನಿನಲ್ಲೂ ವ್ಯತ್ಯಾಸ ಅರ್ಧ ಮಿಲಿಮೀಟರೇ ಇತ್ತು. ಒಂದು ವೇಳೆ ಅವರು ಅವತ್ತು ನೆನಪಿನಿಂದ ಹೇಳದೆ ಅಳೆದೇ ಹೇಳಿದ್ದರೂ ಅದೇ ತಪ್ಪು ಬರುತ್ತಿತ್ತು.

ರೇಡಿಯೋ ಆ ಹೊತ್ತಿಗೆ ಹತ್ತು ನಿಮಿಷದಿಂದ ಒಂದು ಮಾತೂ ಆಡಿರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಒಂದು ವರ್ಷದಿಂದ ನಾನೇ ಓದಿ ಹೇಳ್ತಿದ್ದೆ ಮೇಡಂ. 'ಕನ್ನಡಕ ಮರೆತೆ, ಎಷ್ಟಿದೆ ನೋಡೋ ಬೋಳ' ಅನ್ನೋರು. ಕನ್ನಡಕದ ಕಣ್ಣಲ್ಲ ಅದು. ನಟ್ಟನಡುವೆ ಮಸುಕಂತೆ. ಪಕ್ಕದಲ್ಲೆಲ್ಲ ಕಾಣುತ್ತೆ, ನೋಡಬೇಕು ಅಂದುಕೊಂಡ ಜಾಗ ಮಾತ್ರ ಕಾಣಲ್ಲ."

"ಬುಧವಾರ?"

"ಬುಧವಾರ ನನಗೆ ಹಲ್ಲು ಕೀಳಿಸೋದಿತ್ತು. ರಜಾ ಹಾಕಿದ್ದೆ." ಅವನು ಕೆನ್ನೆ ಮುಟ್ಟಿಕೊಂಡ. "ನೀವೇ ಸೈನ್ ಮಾಡಿದೀರಿ ರಜಾ ಅರ್ಜಿಗೆ."

"ನನಗ್ಯಾಕೆ ಹೇಳಲಿಲ್ಲ?"

"ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ ಮೇಡಂ. ಪಿನ್ ಪರೀಕ್ಷೇಲಿ ಪಾಸ್ ಮಾಡಿದ್ರಲ್ಲ. ಓ, ಮೇಡಮ್ಮೂ ನಮ್ಮ ಕಡೆನೇ ಅಂದುಕೊಂಡೆ."

ಸೋಮವಾರ ಸಂಜೆ ನಾಲ್ಕಕ್ಕೆ ನಾನು ವರದಿ ಕೊಡಬೇಕಿತ್ತು. ಬೆಳಗ್ಗೆ ಮ್ಯಾನೇಜರ್ ಕರೆದರು. ಒರಟ ಅಲ್ಲ. ಎದುರು ಕೂರಿಸಿ ಬಿಸ್ಕತ್ತಿನ ಡಬ್ಬ ಮುಂದೆ ತಳ್ಳಿದರು.

"ಅರ್ಧ ಪುಟ ಸಾಕಮ್ಮ. ಸೆಟ್ಟರ್ ಇಂಚಿಂಗ್ ಮಾಡಿಲ್ಲ, ಅವನೇ ಒಪ್ಪಿಕೊಂಡಿದಾನೆ. ಟೂಲ್ ರೂಮಿಂದ ಬೇರೆ ಕಾರಣ ಏನೂ ಇಲ್ಲ ಅಂತ ನೀವೊಂದು ಸಾಲು ಬರೆದರೆ ಮುಗೀತು."

"ಅವನಿಗೇನಾಗುತ್ತೆ ಸಾರ್?"

"ನಿಯಮ ಮುರಿದಿದಾನೆ. ತೆಗೀಬೇಕಾಗುತ್ತೆ. ಚಿಕಿತ್ಸೆ ನಾವೇ ನೋಡ್ಕೋತೀವಿ, ಅದರಲ್ಲಿ ಎರಡು ಮಾತಿಲ್ಲ."

ಮೂರು ಬೆರಳು ಬಾರದ ಸೆಟ್ಟರ್. ಕೆಲಸ ಬಿಟ್ಟ ಕಾರಣ ಎಂಬಲ್ಲಿ ನಿರ್ಲಕ್ಷ್ಯ ಎಂದು ಬರೆದ ಪತ್ರ. ಅವನನ್ನು ಯಾವ ಫ್ಯಾಕ್ಟರಿ ಗೇಟಿನೊಳಗೆ ಬಿಟ್ಟುಕೊಳ್ಳುತ್ತದೆ?

"ಪಂಚಿನ ಅಳತೆಯಲ್ಲೇ ತಪ್ಪಿದ್ರೆ?" ಅಂದೆ.

ಮ್ಯಾನೇಜರ್ ಬಿಸ್ಕತ್ತು ಕಚ್ಚುವುದನ್ನು ನಿಲ್ಲಿಸಿದರು. "ತಪ್ಪಿದ್ರೆ ಅದನ್ನ ಮಾಡಿದವರು ಹೋಗ್ತಾರೆ. ಅವರ ಕಣ್ಣು ಸರಿಯಿದೆ ಅಂತ ಸೈನ್ ಹಾಕಿದವರೂ ಹೋಗ್ತಾರೆ. ಅಳಿಯ ಹೇಗಿದ್ರೂ ಒಪ್ಪಿಕೊಂಡಿದಾನೆ. ಹುಣ್ಣು ಮಾಯೋ ಹೊತ್ತಲ್ಲಿ ಕೆರೆಯೋದ್ಯಾಕೆ? ಯೋಚನೆ ಮಾಡಿ ಬರೀರಿ."

ಮೇಸ್ತ್ರಿ ಬೆಂಚಿನ ಹತ್ತಿರ ಒಬ್ಬರೇ ಇದ್ದರು. ಉಳಿದವರು ಟೀಗೆ ಹೋಗಿದ್ದರು. ನಾನು ಅವಳಿ ಪಂಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದೆ.

"ಮೇಸ್ತ್ರಿ, ಇದನ್ನೊಂದು ಅಳೆದು ಕೊಡ್ತೀರಾ?"

ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. "ಬಲಗಡೇದು. ಬದುಕಿದೆ ಪಾಪ." ತಮ್ಮದೇ ಹಳೆಯ ಮೈಕ್ರೋಮೀಟರ್ ತೆಗೆದರು. ಕೈಯಲ್ಲಿ ಹಿಡಿದು ಹಿಡಿದು ಅದರ ಗೆರೆಗಳೇ ಸವೆದಿದ್ದವು. ಸಿಕ್ಕಿಸಿ, ತಿರುಗಿಸಿ, ಕಿಟಕಿಗೆ ಹಿಡಿದು, ತಲೆಯನ್ನು ಸ್ವಲ್ಪ ಓರೆ ಮಾಡಿದರು. ಆ ಓರೆಯನ್ನು ನಾನು ಎಷ್ಟೋ ಸಲ ನೋಡಿದ್ದೆ, ಗತ್ತು ಅಂದುಕೊಂಡಿದ್ದೆ.

"ಅರವತ್ತೆರಡು ಪಾಯಿಂಟ್ ಒಂದು ಎಂಟು. ಡ್ರಾಯಿಂಗಿನಷ್ಟೇ. ನಾನು ಹೇಳಲಿಲ್ವಾ? ತಪ್ಪು ಅವನದೇ."

ನಾನು ಅಳತೆಯ ಪೆಟ್ಟಿಗೆಯಿಂದ ಉಕ್ಕಿನ ಬಿಲ್ಲೆಗಳನ್ನು ಆರಿಸಿ ಒಂದರ ಮೇಲೊಂದು ಜೋಡಿಸಿದೆ. ಸ್ಲಿಪ್ ಗೇಜ್ ಅನ್ನುತ್ತೇವೆ. ಜೋಡಿಸಿದರೆ ಎಷ್ಟು ಎತ್ತರ ಬೇಕೋ ಅಷ್ಟಕ್ಕೆ ನಿಲ್ಲುತ್ತವೆ, ಅವು ಸುಳ್ಳು ಹೇಳುವುದಿಲ್ಲ. 62.18ಕ್ಕೆ ಜೋಡಿಸಿ ಕಲ್ಲಿನ ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಪಂಚನ್ನು ತಾಗಿಸಿ ನಿಲ್ಲಿಸಿದೆ.

"ಉಗುರು ಆಡಿಸಿ ನೋಡಿ."

"ಯಾಕೆ?"

"ಒಂದ್ಸಲ."

ಹೆಬ್ಬೆರಳಿನ ಉಗುರನ್ನು ಅವರು ಬಿಲ್ಲೆಗಳ ಮೇಲಿಟ್ಟು ಪಂಚಿನ ಕಡೆ ಸರಿಸಿದರು. ಒಂದು ಕೂದಲಿನ ಏಳನೇ ಒಂದು ಪಾಲು ಏರುಪೇರಿದ್ದರೂ ಹಿಡಿಯುವ ಉಗುರು ಅದು. ಪಂಚಿನ ಅಂಚಿಗೆ ಟಕ್ ಎಂದು ತಡೆದು ನಿಂತಿತು. ಹಿಂದಕ್ಕೆ ಎಳೆದುಕೊಂಡರು. ಮತ್ತೆ ಸರಿಸಿದರು. ಟಕ್. ಮೂರನೇ ಸಲ ಸರಿಸಲಿಲ್ಲ. ಕೈ ಅಲ್ಲೇ ಇತ್ತು.

ಟೀಗೆ ಹೋದವರ ನಗು ಹೊರಗಿನಿಂದ ಕೇಳುತ್ತಿತ್ತು.

"ಅರ್ಧ," ಅಂದರು.

"ಹೌದು."

"ಆಸ್ಪತ್ರೇಲಿ ಅವನಿಗೆ ಏನೇನೋ ಅಂದೆ."

ಅವರು ಪಂಚನ್ನು ಎತ್ತಿಕೊಂಡು ಗ್ರೈಂಡರಿನ ಹತ್ತಿರ ಹೋದರು. ಅದರ ಅಯಸ್ಕಾಂತದ ಮೇಜಿನ ಮೇಲೆ ಇಟ್ಟು, ಸ್ವಿಚ್ ಒತ್ತಿದರು. ಪಂಚ್ ಕಚ್ಚಿಕೊಂಡಿತು. ಉಜ್ಜುವ ಕಲ್ಲು ತಿರುಗತೊಡಗಿತು. ಅವರ ಕೈಗಳು ಚಕ್ರಗಳನ್ನು ಹುಡುಕದೆಯೇ ಹಿಡಿದುಕೊಂಡವು.

"ಏನು ಮಾಡ್ತಿದೀರಿ ಮೇಸ್ತ್ರಿ?"

"ಹತ್ತು ನಿಮಿಷದ ಕೆಲಸ ಮರಿ. ಅರ್ಧ ತೆಗೆದುಬಿಡ್ತೀನಿ. ಸಿಡಿದದ್ದು ಪುಡಿಯಾಗಿದೆ, ಅದನ್ನ ಯಾರು ಅಳೀತಾರೆ? ಇದು ಸರಿಯಿದ್ರೆ ಎರಡೂ ಸರಿಯಿತ್ತು ಅಂತಲೇ." ನನ್ನ ಕಡೆ ತಿರುಗಿ ನೋಡಲಿಲ್ಲ. "ಅವನು ಹೇಗೂ ಒಪ್ಪಿಕೊಂಡಿದಾನೆ. ಅವನಿಗೆ ವಯಸ್ಸಿದೆ. ನನ್ನ ಮಗಳ ಗಂಡ, ನಾನು ಬಿಟ್ಟುಬಿಡ್ತೀನಾ? ನಿವೃತ್ತಿ ಆದಮೇಲೆ ಬರೋದೆಲ್ಲ ಅವರಿಗೇ. ನನಗೆ ಹದಿನಾಲ್ಕು ತಿಂಗಳು ಬೇಕು, ಅಷ್ಟೇ. ಹನ್ನೊಂದು ಈಗ."

ಕಲ್ಲು ಪಂಚಿಗೆ ತಾಗಿತು. ಕಿಡಿಗಳು ಒಂದು ಸಣ್ಣ ಬಾಲದ ಹಾಗೆ ಹಾರಿದವು. ನಾನು ನಿಂತೇ ಇದ್ದೆ. ಬರೆಯುವಾಗ ಸುಲಭವಾಗಿ ಕಾಣುತ್ತದೆ, ತಕ್ಷಣ ಸ್ವಿಚ್ ಆರಿಸಿಬಿಟ್ಟೆ ಎಂದು ಬರೆಯಬಹುದಿತ್ತು. ಆರಿಸಲಿಲ್ಲ. ಆ ಪಂಚ್ ಅರ್ಧ ಮಿಲಿಮೀಟರ್ ಕಮ್ಮಿಯಾದರೆ ಏಳನೇ ಪಿನ್ನಿನ ಎದುರು ನಾನು ಬರೆದ ಸುಳ್ಳೂ ಅದರ ಜೊತೆಗೇ ಪುಡಿಯಾಗಿ ಹೋಗುತ್ತಿತ್ತು. ಅದನ್ನು ನಾನು ಲೆಕ್ಕ ಹಾಕಿದ್ದೆ.

ಎರಡು ಸಲ ಕಲ್ಲು ಹೋಗಿ ಬಂತು. ಅವರು ಮೇಜನ್ನು ಹೊರಗೆಳೆದು, ಪಂಚನ್ನು ಬಿಡಿಸಿ, ಮೈಕ್ರೋಮೀಟರಿಗೆ ಸಿಕ್ಕಿಸಿದರು. ಕಿಟಕಿಗೆ ಹಿಡಿದರು. ತಲೆ ಓರೆ ಮಾಡಿದರು. ಇನ್ನೊಂದು ಬದಿಗೆ ಓರೆ ಮಾಡಿದರು. ಆಮೇಲೆ ಮೈಕ್ರೋಮೀಟರನ್ನು ನನ್ನ ಕಡೆ ಚಾಚಿದರು.

"ಓದು ಮರಿ. ಎಷ್ಟಿದೆ?"

ನಾನು ಓದಿ ಹೇಳದೆ ಅವರು ಮುಂದಕ್ಕೆ ಒಂದು ಕೂದಲೂ ಉಜ್ಜುವಂತಿರಲಿಲ್ಲ. ಏರಿದೆ ಎಂದು ಉಗುರು ಹೇಳೀತು, ಎಷ್ಟು ಎಂದು ಹೇಳದು; ಎಲ್ಲಿ ನಿಲ್ಲಿಸಬೇಕು ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಅರ್ಧದ ಗೆರೆ ನನಗೆ ಸ್ಪಷ್ಟವಾಗಿ ಕಂಡಿತು, ಸವೆದು ಮಸುಕಾಗಿದ್ದರೂ.

"ಅರವತ್ತೆರಡು ಪಾಯಿಂಟ್ ಆರು ಆರು."

"ಹಾಂ. ಇನ್ನು ನಲವತ್ತೆಂಟು ಕೂದಲು ತೆಗೀಬೇಕು. ನೀನು ಇಲ್ಲೇ ನಿಂತು ಓದ್ತಾ ಇರು."

"ಇಲ್ಲ ಮೇಸ್ತ್ರಿ. ನಾನು ಓದಲ್ಲ."

ಕಲ್ಲು ತಿರುಗುತ್ತಲೇ ಇತ್ತು. ಮೈಕ್ರೋಮೀಟರ್ ಹಿಡಿದ ಕೈ ನನ್ನ ಕಡೆ ಚಾಚಿಯೇ ಇತ್ತು.

"ನಿನಗೇನು ಹೋಗೋದು ಮರಿ? ಪಿನ್ ಪರೀಕ್ಷೇಲಿ ನಾನು ಪಾಸಾಗಿದೀನಿ. ನಿನ್ನ ಕಾಗದ ಸರಿಯಿದೆ."

"ಪಾಸಾಗಿರಲಿಲ್ಲ. ಏಳನೇದು ತಪ್ಪು ಹೇಳಿದ್ರಿ. ಅದು ಹೊಸ ಪಿನ್. ನಾನೇ ಸರಿಯಾದದ್ದು ಬರೆದುಕೊಂಡೆ."

ಅವರು ಬಹಳ ಹೊತ್ತು ನನ್ನ ಕಡೆ ನೋಡಿದರು. ನನ್ನ ಮುಖವನ್ನಲ್ಲ, ಅದರ ಸ್ವಲ್ಪ ಪಕ್ಕಕ್ಕೆ. ಹಾಗೆ ನೋಡಿದರೆ ಮಾತ್ರ ನಾನು ಕಾಣುತ್ತಿದ್ದೆ ಎಂದು ಈಗ ಗೊತ್ತಿತ್ತು.

"ಅವತ್ತೇ ಹೇಳಿದ್ರೆ ಪ್ಯಾಕಿಂಗಿಗೆ ಹೋಗ್ತಿದ್ದೆ," ಅಂದರು. "ಬೈಕೊಂಡು ಹೋಗ್ತಿದ್ದೆ. ನಿಮ್ಮ ಮುಖ ನೋಡ್ತಿರಲಿಲ್ಲ. ಆದ್ರೆ ಹೋಗ್ತಿದ್ದೆ ಮೇಡಂ."

ಪಂಚನ್ನು ಬಟ್ಟೆಯ ಮೇಲಿಟ್ಟರು. ಗ್ರೈಂಡರ್ ಆರಿಸಿದರು. ಕಲ್ಲು ನಿಲ್ಲಲು ಒಂದೆರಡು ನಿಮಿಷ ಹಿಡಿಯುತ್ತದೆ. ಅದು ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತಿದ್ದೆವು.

"ಬರೀರಿ," ಅಂದರು. "ಎಲ್ಲಾನೂ ಬರೀರಿ. ಈಗ ಎರಡು ಕೂದಲಷ್ಟು ಉಜ್ಜಿದ್ದೂ ಬರೀರಿ. ನಿಮ್ಮದೂ ಬರೀರಿ."

ವರದಿ ಅರ್ಧ ಪುಟವಾಗಲಿಲ್ಲ, ಎರಡೂವರೆ ಪುಟವಾಯಿತು. ಪಂಚಿನ ಉದ್ದ. ಪಿನ್ ಪರೀಕ್ಷೆಯಲ್ಲಿ ನಾನು ಬದಲಿಸಿದ ಅಂಕಿ. ಅಳೆಯದೆ ಹಾಕಿದ ಸಹಿ. ಮೇಸ್ತ್ರಿ ಚೀಟಿಗೆ ಇಂಚಿಂಗ್ ಮಾಡದಿರುವ ರೂಢಿ ನನಗೆ ನಾಲ್ಕು ವರ್ಷದಿಂದ ಗೊತ್ತಿದ್ದದ್ದು. ಆ ಸೋಮವಾರ ಗ್ರೈಂಡರಿನ ಮುಂದೆ ನಡೆದದ್ದು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊಟ್ಟೆ. ಮ್ಯಾನೇಜರ್ ನಿಂತೇ ಓದಿದರು. ಬಿಸ್ಕತ್ತಿನ ಡಬ್ಬ ಮೇಜಿನ ಮೇಲೆ ಇರಲಿಲ್ಲ.

ಮೇಸ್ತ್ರಿಯನ್ನು ಆ ವಾರವೇ ಮನೆಗೆ ಕಳಿಸಿದರು. ಬೀಳ್ಕೊಡುಗೆ ಇರಲಿಲ್ಲ. ನನ್ನನ್ನು ತೆಗೆಯಲಿಲ್ಲ, ಸ್ಟೋರಿಗೆ ಹಾಕಿದರು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಎಣ್ಣೆ ಕಾಗದದ ವಾಸನೆ, ಗೋಡೆತುಂಬ ಬೋಲ್ಟಿನ ಡಬ್ಬಗಳು. ಅಳಿಯನ ಹೇಳಿಕೆಯನ್ನು ಫೈಲಿನಿಂದ ತೆಗೆದುಹಾಕಿದರು. ನಿರ್ಲಕ್ಷ್ಯ ಎಂಬ ಮಾತು ಅವನ ಹೆಸರಿನ ಮುಂದೆ ಎಲ್ಲೂ ಇಲ್ಲ. ಅವನು ಈಗ ಗೇಟಿನಲ್ಲಿ ಕೂತು ಬಂದುಹೋಗುವ ಲಾರಿಗಳ ನಂಬರು ಬರೆಯುತ್ತಾನೆ. ಎಡಗೈ ಅಕ್ಷರ ಪರವಾಗಿಲ್ಲ, ಕಾಗೆಯಿಂದ ಕೋಳಿಗೆ ಬಂದಿದೆ ಎಂದು ಅವನೇ ಹೇಳಿದನಂತೆ. ನನಗೆ ಹೇಳಲಿಲ್ಲ. ರೇಡಿಯೋ ಹೇಳಿದ.

ಒಂದು ದಿನ ಸ್ಟೋರಿನ ಕಿಂಡಿಯ ಹತ್ತಿರ ಮೇಸ್ತ್ರಿಯ ಮಗಳು ಬಂದಳು. ಅಪ್ಪನ ನೀಲಿ ಕೋಟು, ಡ್ರಾಯರಿನ ಬೀಗದ ಕೈ ಹಿಂದಿರುಗಿಸಬೇಕಿತ್ತು. ಕೋಟನ್ನು ಒಗೆದು ಇಸ್ತ್ರಿ ಮಾಡಿ ಮಡಚಿದ್ದಳು. ನಾನು ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿಕೊಂಡೆ.

"ಮೇಸ್ತ್ರಿ ಹೇಗಿದಾರೆ?"

"ಬಾಗಿಲ ಹತ್ರ ಕೂತ್ಕೊಂಡಿರ್ತಾರೆ. ಇವರು ಒಳಗೆ ಬಂದ್ರೆ ಎದ್ದು ಹೊರಗೆ ಹೋಗ್ತಾರೆ. ಇವರು 'ಕೂತ್ಕೊಳ್ಳಿ ಮಾವ' ಅಂತಾರೆ. ಕೂರಲ್ಲ." ಅವಳು ಪೆನ್ನನ್ನು ಕಿಂಡಿಯ ಕಟ್ಟೆಯ ಮೇಲಿಟ್ಟಳು. "ಒಂದು ಕೇಳಲಾ ಮೇಡಂ? ಆ ಏಳನೇದಕ್ಕೆ ಯಾಕೆ ಬೇರೆ ಬರೆದ್ರಿ?"

"ಅವರ ಮೇಲೆ ಪ್ರೀತಿ ಇತ್ತು."

ಅವಳು ತಲೆಯಾಡಿಸಿದಳು, ಇದನ್ನೇ ನಿರೀಕ್ಷಿಸಿದ್ದವಳ ಹಾಗೆ. "ನನಗೂ ಇತ್ತು. ಅಪ್ಪನಿಗೆ ಅಕ್ಕಿಯಲ್ಲಿ ಕಲ್ಲು ಕಾಣ್ತಿಲ್ಲ ಅಂತ ನನಗೆ ಎರಡು ವರ್ಷದ ಹಿಂದೆನೇ ಗೊತ್ತು. ನಾನೂ ಸುಮ್ಮನಿದ್ದೆ."

ಅಷ್ಟು ಹೇಳಿ ಹೋದಳು. ಗೇಟಿನ ಹತ್ತಿರ ಗಂಡನ ಎದುರು ಒಂದು ನಿಮಿಷ ನಿಂತು, ಅವನ ಅಂಗಿಯ ಎಡತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿದ್ದು ಸ್ಟೋರಿನ ಬಾಗಿಲಿನಿಂದ ಕಂಡಿತು. ಅವನಿಗೆ ಬಲಗೈಯಲ್ಲಿ ಆ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ.

ನಾನು ಕೋಟನ್ನು ಶೆಲ್ಫಿನಲ್ಲಿಟ್ಟೆ. ಆಚೆ ಪ್ರೆಸ್ಸಿನ ಶೆಡ್ಡಿನಲ್ಲಿ ಯಾರೋ ಹೊಸ ಡೈ ಹಾಕಿದ್ದರು. ಹಳದಿ ಚೀಟಿಯಲ್ಲಿ ಈಗ ರೇಡಿಯೋನ ಸಹಿ ಇರುತ್ತದೆ. ಇಂಚಿಂಗ್ ಮಾಡುತ್ತಿದ್ದರು. ಟಕ್, ಬಿಟ್ಟು, ಟಕ್. ಇಪ್ಪತ್ತು ನಿಮಿಷ. ಯಾರೂ ಯಾರ ಟೀ ಕಪ್ಪನ್ನೂ ಅಳೆಯುವುದಿಲ್ಲ ಈಗ.